ಕೆಟ್ಟ ಗ್ರಾಫಿಕ್ಸ್ ಕಾರ್ಡನ್ನು ದಯವಿಟ್ಟು ಅಡುಗೆಮನೆಯ ಓವನ್ನಿನಲ್ಲಿ ಇಡಬೇಡಿ

ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನ ಪರದೆಗೆ ಚಿತ್ರ ಕಳಿಸುವ ಬೋರ್ಡು. ಅದು ಸತ್ತರೆ ಓವನ್ನಿನಲ್ಲಿಟ್ಟು ಬಿಸಿ ಮಾಡಿ, ಒಳಗಿನ ಸೋಲ್ಡರ್ (ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಲೋಹ) ಕರಗಿ ಮತ್ತೆ ಕೂಡಿಕೊಳ್ಳುತ್ತದೆ ಎಂದು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಅದನ್ನು ನಂಬಿ ಉಡುಪಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಮನೆಯಲ್ಲೇ ಮಾಡಿ ನೋಡಿದ. ಕಾರ್ಡು ಹೋಯಿತು. ಅದಕ್ಕಿಂತ ಬೇಸರದ ಸಂಗತಿ, ಚಿಕ್ಕಮ್ಮನ ಓವನ್ನೂ ಹೋಯಿತು. ಅವರು ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುವವರು, ಸಂಪಾದನೆ ಇದ್ದದ್ದೇ ಆ ಓವನ್ನಿನಿಂದ.

ಕಾರ್ಡು ನಾನು ಕೊಟ್ಟದ್ದು. ಹಳೆಯ ಆರ್‌ಎಕ್ಸ್ 580. ಮಳೆಗಾಲದಲ್ಲಿ ಅದರ ಡಿಸ್‌ಪ್ಲೇಯಲ್ಲಿ ಬಣ್ಣದ ಚೌಕಗಳು ಕಾಣಿಸಿಕೊಂಡವು, ಆಮೇಲೆ ಏನೂ ಬರಲಿಲ್ಲ. "ಅಣ್ಣ, ಓವನ್ನಲ್ಲಿ ಇಟ್ರೆ ಸರಿ ಆಗ್ತದಂತೆ" ಎಂದು ಫೋನ್ ಮಾಡಿದ. ಬೇಡ, ನಾನು ಬಂದು ನೋಡುತ್ತೇನೆ ಎಂದೆ. ಹುಡುಗರಿಗೆ ಕಾಯುವ ತಾಳ್ಮೆ ಎಲ್ಲಿ? ಫ್ಯಾನ್, ಹೀಟ್‌ಸಿಂಕ್ ಬಿಚ್ಚಿ, 200 ಡಿಗ್ರಿಗೆ ಇಟ್ಟು ಬಿಸಿ ಮಾಡಿದ. ಕಾರ್ಡು ನಿಜಕ್ಕೂ ಓಡಿತು! ಇಲ್ಲೇ ಎಲ್ಲರೂ ಮೋಸ ಹೋಗುವುದು. ಓಡಿದ ದಿನವೇ ವಿಡಿಯೋ ಹಾಕುತ್ತಾರೆ, ತಿಂಗಳು ಕಳೆದ ಮೇಲೆ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ.

ಕೆಲವು ದಿನಗಳಲ್ಲೇ ಮತ್ತೆ ನಿಂತಿತು. ಈ ಸಲ ಅವನು ಬಿಸಿ ಜಾಸ್ತಿ ಮಾಡಿದ. ಒಂದು ಕೆಪಾಸಿಟರ್ ಪಟ್ ಎಂದು ಒಡೆಯಿತು, ಕನೆಕ್ಟರಿನ ಪ್ಲಾಸ್ಟಿಕ್ ಕರಗಿ ಇಳಿಯಿತು. ಹೊರಗೆ ಜೋರು ಮಳೆ, ಕಿಟಕಿ ಎಲ್ಲಾ ಮುಚ್ಚಿತ್ತು. ಮನೆ ತುಂಬ ಹೊಗೆ. ಚಿಕ್ಕಮ್ಮ ಕೆಮ್ಮುತ್ತಲೇ ನನಗೆ ಫೋನ್ ಮಾಡಿದರು: "ಎಂತದು ಮಾರಾಯಾ ಇದು, ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ." ಮಂಗಳೂರಿನಿಂದ ಹೊರಟು ನಾನು ಹೋಗಿ ಮುಟ್ಟುವಾಗಲೂ ಆ ವಾಸನೆ ಹೋಗಿರಲಿಲ್ಲ. ಮರುದಿನ ಕೊಡಬೇಕಾದ ಕೇಕ್ ಇತ್ತು. ಇನ್ನು ಈ ಓವನ್ನಿನಲ್ಲಿ ತಿನ್ನುವ ಯಾವುದನ್ನೂ ಮಾಡಬೇಡಿ ಚಿಕ್ಕಮ್ಮ ಎಂದು ಹೇಳುವಾಗ ನನಗೇ ಸಂಕಟವಾಯಿತು.

ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ಇಂಥ ಬೋರ್ಡುಗಳಿಗೆ ಬೆಂಕಿ ಹತ್ತದಿರಲಿ ಎಂದು ಸಾಮಾನ್ಯವಾಗಿ ಬ್ರೋಮಿನ್ ಇರುವ ರಾಸಾಯನಿಕ ಸೇರಿಸಿರುತ್ತಾರೆ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸಿನ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ದಮ್ಮು ಇರುವವರಿಗಂತೂ ತುಂಬಾ ಕೆಟ್ಟದ್ದು. ಹಳೆಯ ಕಾರ್ಡಾದರೆ ಸೋಲ್ಡರಿನಲ್ಲಿ ಸೀಸವೂ ಇರಬಹುದು. ಇದೆಲ್ಲ ಓವನ್ನಿನ ಗೋಡೆಗೆ, ಕಂಬಿಗಳಿಗೆ ಅಂಟಿಕೊಂಡರೆ ಒರೆಸಿ ತೆಗೆಯುತ್ತೇವೆ ಎನ್ನುವ ಧೈರ್ಯ ನನಗಿಲ್ಲ.

ಇನ್ನು ರಿಪೇರಿಯ ಮಾತು. ಯುರೋಪಿನಲ್ಲಿ 2006ರ ಜುಲೈಯಿಂದ ಸೀಸಕ್ಕೆ ಕಡಿವಾಣ ಬಿತ್ತು. ಅಲ್ಲಿಂದೀಚೆ ಕಂಪ್ಯೂಟರ್ ಬೋರ್ಡುಗಳಲ್ಲಿ ಬಳಸುವುದು ಹೆಚ್ಚಾಗಿ ತವರ, ಬೆಳ್ಳಿ, ತಾಮ್ರ ಸೇರಿದ ಸೋಲ್ಡರ್. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಹಾಗಾದರೆ 200 ಡಿಗ್ರಿಯಲ್ಲಿ ಕರಗಿದ್ದು ಏನು? ಏನೂ ಇಲ್ಲ. ಬಿಸಿಗೆ ಎಲ್ಲಾ ಹಿಗ್ಗಿ, ಬಿರುಕು ಬಿಟ್ಟ ಜಾಗ ಸ್ವಲ್ಪ ಹೊತ್ತು ತಾಗಿಕೊಂಡಿತು, ಅಷ್ಟೇ. ಆ ಬಿರುಕು ಅನೇಕ ಸಲ ಚಿಪ್ಪಿನ ಕೆಳಗೆ ಕಾಣುವ ಸೋಲ್ಡರಿನ ದೊಡ್ಡ ಗುಂಡುಗಳಲ್ಲಿ ಇರುವುದೇ ಇಲ್ಲ. ಚಿಪ್ಪಿನ ಒಳಗೆ, ಸಿಲಿಕಾನ್ ತುಂಡಿನ ಅಡಿಯ ಸಣ್ಣ ಸಣ್ಣ ಬಿಂದುಗಳಲ್ಲಿ ಇರುತ್ತದೆ. 2008ರಲ್ಲಿ ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ಇಂಥದೇ ತೊಂದರೆಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಗಿ ಬಂತು. ಬಿಸಿ ಮಾಡಿದರೆ ಸರಿಹೋಗುವ ದೋಷವಾಗಿದ್ದರೆ ಅಷ್ಟು ದುಡ್ಡು ಯಾಕೆ ಬೇಕಿತ್ತು?

ನಮ್ಮ ಕರಾವಳಿಯವರಿಗೆ ಇನ್ನೊಂದು ಅಪಾಯ ಇದೆ. ಮಳೆಗಾಲದಲ್ಲಿ ಚಿಪ್ಪಿನ ಕವಚ, ಬೋರ್ಡು ಎರಡೂ ಗಾಳಿಯ ತೇವ ಹೀರಿಕೊಂಡಿರುತ್ತವೆ. ಒಮ್ಮೆಲೇ ಬಿಸಿ ಕೊಟ್ಟರೆ ಆ ನೀರು ಆವಿಯಾಗಿ ಒಳಗಿನ ಪದರಗಳನ್ನೇ ಬಿಡಿಸುತ್ತದೆ, ಜೋಳ ಅರಳಿದ ಹಾಗೆ. ಕೆಲಸ ಗೊತ್ತಿರುವವರು ಮೊದಲು 125 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಆರಿಸುತ್ತಾರೆ. ಆಮೇಲೆ ಕೆಳಗಿನಿಂದ ಇಡೀ ಬೋರ್ಡಿಗೆ ಹದವಾದ ಬಿಸಿ ಕೊಟ್ಟು, ಮೇಲಿನಿಂದ ಬೇಕಾದ ಜಾಗಕ್ಕೆ ಮಾತ್ರ ಜಾಸ್ತಿ ಬಿಸಿ ಕೊಡುತ್ತಾರೆ. ಹೀಟ್‌ಗನ್ ಹಿಡಿದು ಒಂದೇ ಕಡೆ ಊದಿದರೆ ಬೋರ್ಡು ಬಾಗುತ್ತದೆ, ಅಕ್ಕಪಕ್ಕದ ಸಣ್ಣ ಬಿಡಿಭಾಗಗಳು ಹಾರಿಹೋಗುತ್ತವೆ.

ಮಂಗಳೂರಿನಲ್ಲಿ ಬೋರ್ಡ್ ರಿಪೇರಿ ಮಾಡುವ ಒಬ್ಬರಿಗೆ ಕಾರ್ಡು ತೋರಿಸಿದೆ. ಓರೆಯಾಗಿ ಹಿಡಿದು ನೋಡಿ, "ಬೆಂಡ್ ಆಗಿದೆ ಸರ್, ಇನ್ನು ಆಗ್ಲಿಕ್ಕಿಲ್ಲ" ಎಂದರು. ಬಣ್ಣದ ಚೌಕಗಳು ಬಂದಾಗಲೇ ತಂದಿದ್ದರೆ ಮೆಮೊರಿ ಚಿಪ್ ಪರೀಕ್ಷಿಸಿ, ಕೆಟ್ಟದ್ದೊಂದನ್ನು ಬದಲಾಯಿಸಿ ನೋಡಬಹುದಿತ್ತಂತೆ. ಆ ಮಾತು ಕೇಳಿ ತಮ್ಮನ ಮುಖ ಸಣ್ಣದಾಯಿತು. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದವರು ಬೇರೆಯವರು.

ಕಾರ್ಡು ನಿಂತರೆ ಮೊದಲು ವಾರಂಟಿ ನೋಡಿ. ಅನೇಕ ಕಂಪನಿಗಳು ಮೂರು ವರ್ಷ ಕೊಡುತ್ತವೆ, ಬಿಸಿ ಮಾಡಿದ ಗುರುತು ಕಂಡರೆ ಅದೂ ಸಿಗುವುದಿಲ್ಲ. ಬೇರೆ ಕೇಬಲ್, ಬೇರೆ ಮಾನಿಟರ್, ಸಾಧ್ಯವಾದರೆ ಬೇರೆ ಪವರ್ ಸಪ್ಲೈ ಹಾಕಿ ನೋಡಿ. ಉಪ್ಪುಗಾಳಿಗೆ ಕಾರ್ಡಿನ ಚಿನ್ನದ ಬಣ್ಣದ ಅಂಚಿನಲ್ಲಿ ಕಿಲುಬು ಕೂತಿರಬಹುದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ಸಿಕ್ಕಿಸಿ. ಮಾಸ್‌ಫೆಟ್ (ವಿದ್ಯುತ್ತಿನ ಸ್ವಿಚ್ಚಿನಂಥ ಬಿಡಿಭಾಗ) ಅಥವಾ ಫ್ಯೂಸ್ ಹೋಗಿದ್ದರೆ ಮಲ್ಟಿಮೀಟರಿನಲ್ಲೇ ತಿಳಿಯುತ್ತದೆ. ಅದನ್ನು ಯಾವ ಬಿಸಿಯೂ ಸರಿ ಮಾಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವವರೂ ಹುಷಾರಾಗಿರಿ. ಹೀಗೆ ಬಿಸಿ ಮಾಡಿ, ಓಡುವ ನಾಲ್ಕು ದಿನದಲ್ಲೇ ಮಾರಿಬಿಡುವವರು ಇದ್ದಾರೆ. ಫ್ಯಾನ್ ಕನೆಕ್ಟರ್ ಸೊಟ್ಟಗಾಗಿದೆಯಾ, ಸ್ಟಿಕ್ಕರ್ ಕಂದಿ ಮುದುರಿದೆಯಾ, ಚಿಪ್ಪಿನ ಸುತ್ತ ಅಂಟಂಟಾದ ಫ್ಲಕ್ಸ್ ಕಲೆ ಇದೆಯಾ ನೋಡಿ. ನಿಮ್ಮ ಎದುರೇ ಅರ್ಧ ಗಂಟೆ ದೊಡ್ಡ ಗೇಮಿನಂಥ ಲೋಡ್ ಹಾಕಿ ಓಡಿಸಲು ಹೇಳಿ. ರಿಪೇರಿ ಆಗಿದೆ ಎಂದರೆ ಯಾವ ಭಾಗ ಬದಲಾಯಿಸಿದ್ದು ಎಂದು ಕೇಳಿ. ಸುಮ್ನೆ ಬಿಸಿ ಮಾಡಿದ್ದು ಎಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಆ ಕಾರ್ಡು ಬೇಡ.