ಡ್ಯಾನ್‌ಫೋರ್ತ್ ಲಂಗರು: ಹೊಯ್ಗೆಗೆ ಭೇಷ್, ಕಲ್ಲಿಗೆ ಬೇಡ

ಮಲ್ಪೆ ಕಡೆ ಗಾಳ ಹಾಕಲು ಹೋಗುವ ನಮ್ಮ 18 ಅಡಿ ಫೈಬರ್ ದೋಣಿಗೆ 6 ಕೆಜಿಯ ಡ್ಯಾನ್‌ಫೋರ್ತ್ ಮಾದರಿಯ ಲಂಗರು ತಂದು ಒಂದು ಸೀಸನ್ ಪೂರ್ತಿ ಬಳಸಿದ್ದೇನೆ. ಸಣ್ಣ ದೋಣಿಯವರು ಧೈರ್ಯವಾಗಿ ತಗೊಳ್ಳಿ. ಆದರೆ ಸರಪಳಿಗೂ ಹಗ್ಗಕ್ಕೂ ದುಡ್ಡು ತೆಗೆದಿಡಿ.

ಇದಕ್ಕೆ ಎರಡು ಅಗಲವಾದ ಚಪ್ಪಟೆ ರೆಕ್ಕೆ. ನಡುವಿನ ಉದ್ದನೆಯ ದಂಡಿನ (ಹಗ್ಗ-ಸರಪಳಿ ಕಟ್ಟುವ ಕೋಲಿನ) ಆಚೆಗೂ ಈಚೆಗೂ ಸುಮಾರು 30 ಡಿಗ್ರಿ ತಿರುಗುತ್ತವೆ. ಯಾವ ಮಗ್ಗುಲಿಗೆ ಬಿದ್ದರೂ ಮೊನೆ ಕೆಳಗಾಗಿ ಹೊಯ್ಗೆಯೊಳಗೆ ಇಳಿಯುತ್ತದೆ. ಎಳೆದಷ್ಟೂ ಆಳಕ್ಕೆ ಹೋಗುತ್ತದೆ. ದೋಣಿಯನ್ನು ಹಿಡಿಯುವುದು ಭಾರಕ್ಕಿಂತ ಹೆಚ್ಚಾಗಿ ಈ ಹೂತುಕೊಳ್ಳುವಿಕೆಯೇ.

ಆದರೆ ಎಳೆತ ಮೇಲ್ಮುಖವಾದರೆ ಕಿತ್ತು ಬರುತ್ತದೆ. ಅದಕ್ಕೇ ದೋಣಿಯಷ್ಟು ಉದ್ದದ ಸರಪಳಿ ಹಾಕಿ, ಆಮೇಲೆ ನೈಲಾನ್ ಹಗ್ಗ ಕಟ್ಟಿದ್ದೇವೆ. ಸರಪಳಿ ನೆಲಕ್ಕೆ ಮಲಗಿ ದಂಡನ್ನು ತಗ್ಗಿಸಿ ಹಿಡಿಯುತ್ತದೆ. ನೈಲಾನ್ ಹಿಗ್ಗುವುದರಿಂದ ಅಲೆಯ ಜಗ್ಗಾಟ ಲಂಗರಿಗೆ ಅಷ್ಟಾಗಿ ತಾಗುವುದಿಲ್ಲ. ತೇಲುವ ಹಗ್ಗ ಬೇಡವೇ ಬೇಡ. ಸರಪಳಿ, ಹಗ್ಗ ಸೇರಿ ಎಷ್ಟು ಉದ್ದ ಬಿಡಬೇಕೆಂಬ ಲೆಕ್ಕ ಸುಲಭ. ನೀರು 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ, ಒಟ್ಟು 6. ಅದರ ಐದು ಪಟ್ಟು, ಅಂದರೆ 30 ಮೀಟರ್ ಬಿಡಿ. ಗಾಳಿ ಜಾಸ್ತಿಯಾದರೆ ಏಳು ಪಟ್ಟು, 42. ಭರತಕ್ಕೆ ನೀರು ಏರುವುದನ್ನೂ ಲೆಕ್ಕಕ್ಕೆ ಸೇರಿಸಬೇಕು, ಅಲ್ವಾ?

ಇಳಿಸಿದ ಮೇಲೆ ಎಂಜಿನ್ ರಿವರ್ಸ್ ಹಾಕಿ ಮೆಲ್ಲಗೆ ಎಳೆಯಿರಿ. ಆಗ ಹಗ್ಗದ ಮೇಲೆ ಅಂಗೈ ಇಟ್ಟು ನೋಡಿ. ಲಂಗರು ಜಾರುತ್ತಿದ್ದರೆ ಗಡಗಡ ನಡುಕ ಕೈಗೆ ಬರುತ್ತದೆ. ಕಚ್ಚಿದರೆ ನಡುಕ ನಿಂತು ಹಗ್ಗ ಬಿಗಿಯಾಗುತ್ತದೆ. ನನಗೆ ಈ ಲಂಗರು ಇಷ್ಟವಾಗಿದ್ದೇ ಇಲ್ಲಿ, ಹೊಯ್ಗೆಯಲ್ಲಿ ಅಷ್ಟು ಬೇಗ ಕಚ್ಚುತ್ತದೆ. ಆಮೇಲೂ ದಡದ ಒಂದು ತೆಂಗಿನಮರ, ಅದರ ಹಿಂದಿನ ಒಂದು ಮನೆ, ಎರಡನ್ನೂ ಒಂದೇ ಸಾಲಿಗೆ ನೋಡಿಟ್ಟುಕೊಳ್ಳಿ. ಸಾಲು ತಪ್ಪುತ್ತಲೇ ಹೋದರೆ ದೋಣಿ ಸರಿಯುತ್ತಿದೆ ಎಂದೇ ಅರ್ಥ.

ಜೊತೆಗೆ ಕೊಟ್ಟ ಶ್ಯಾಕಲ್ (ಲಂಗರಿಗೆ ಸರಪಳಿ ಸೇರಿಸುವ ಕೊಂಡಿ) ಕಳಪೆ, ಬೇಗ ತುಕ್ಕು ಹಿಡಿಯಿತು. ದಪ್ಪದ್ದು ಹಾಕಿ, ಪಿನ್ ಸಡಿಲವಾಗದ ಹಾಗೆ ತಂತಿ ಸುತ್ತಿದ್ದೇವೆ. ಇಳಿತ ಶುರುವಾಗಿ ದೋಣಿ ತಿರುಗಿದಾಗ ಲಂಗರು ಕಿತ್ತುಕೊಳ್ಳುವುದೂ ಉಂಟು, ಆಗ ಮತ್ತೆ ಹಗ್ಗ ಮುಟ್ಟಿ ನೋಡಲೇಬೇಕು.

ಸೇಂಟ್ ಮೇರೀಸ್ ದ್ವೀಪದ ಹತ್ತಿರದ ಕಲ್ಲಿಗೆ ಇದು ಆಗುವುದಿಲ್ಲ. ರೆಕ್ಕೆ ಜಾರುತ್ತದೆ, ಇಲ್ಲವೇ ಸಂದಿಯಲ್ಲಿ ಸಿಕ್ಕಿ ಬಾಗುತ್ತದೆ. ಅಲ್ಲಿಗೆ ನಾಲ್ಕು ಕೊಕ್ಕೆಯ ಲಂಗರೇ ಸರಿ. ಅದರ ಬುಡಕ್ಕೊಂದು ತೆಳು ಹಗ್ಗ ಕಟ್ಟಿ ತುದಿಗೆ ತೇಲುಬುರುಡೆ ಕಟ್ಟಿ ಬಿಡಿ. ಸಿಕ್ಕಿಹಾಕಿಕೊಂಡರೆ ಆ ಹಗ್ಗ ಹಿಡಿದು ಹಿಂದುಮುಂದಾಗಿ ಎಳೆದು ಬಿಡಿಸಬಹುದು.