ಚಳಿಗೆ ಸ್ಟಾರ್ಟ್ ಮಾಡಿದಾಗ ಬರುವ ಸದ್ದಿಗೆ ಮೆಕ್ಯಾನಿಕ್ ಸ್ಟೆತಾಸ್ಕೋಪ್: ಎಲ್ಲಿ ಉಪಯೋಗ, ಎಲ್ಲಿ ದಂಡ

ಡಾಕ್ಟರ ಸ್ಟೆತಾಸ್ಕೋಪಿನದೇ ರೂಪ. ಕಿವಿಗೆ ಎರಡು ಕೊಳವೆ, ಎದೆಗಿಡುವ ಬಿಲ್ಲೆಯ ಜಾಗದಲ್ಲಿ ಮಾತ್ರ ಉದ್ದನೆಯ ಉಕ್ಕಿನ ಕಡ್ಡಿ. ಐನೂರು ರೂಪಾಯಿ ಆಸುಪಾಸಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಹತ್ತು ಹದಿನೈದು ವರ್ಷದ ಕಾರು ಡಿಸೆಂಬರ್, ಜನವರಿಯ ಬೆಳಗ್ಗೆ ಎಬ್ಬಿಸುವ ಸದ್ದಿನ ಜಾಗ ಹುಡುಕಲು ಕಾಸಿಗೆ ತಕ್ಕ ಕಜ್ಜಾಯ. ಆದರೆ ಸದ್ದು ಕನಿಷ್ಠ ಅರ್ಧ ನಿಮಿಷವಾದರೂ ನಿಲ್ಲದೆ ಬರಬೇಕು. ಎರಡು ಸೆಕೆಂಡಿನಲ್ಲಿ ಮಾಯವಾಗುವ ಸದ್ದನ್ನು ಕಡ್ಡಿ ಹಿಡಿದು ಬೆನ್ನಟ್ಟಲು ಆಗುವುದಿಲ್ಲ.

ಮೊದಲ ತೊಂದರೆ ಉಪಕರಣದ್ದಲ್ಲ, ಹೊತ್ತಿನದು. ಇಂಜಿನ್ ಪೂರ್ತಿ ತಣ್ಣಗಾಗಲು ರಾತ್ರಿಯಿಡೀ ನಿಲ್ಲಬೇಕು. ಆರೆಂಟು ಗಂಟೆಗಿಂತ ಕಡಿಮೆಯಾದರೆ ಅಸಲಿ ಸದ್ದು ಕೇಳಿಸುವುದಿಲ್ಲ. ಅಂದರೆ ದಿನಕ್ಕೆ ಒಂದೇ ಅವಕಾಶ. ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ದಾರಿಯಲ್ಲೇ ಬಿಸಿಯಾಗಿ, ಮೆಕ್ಯಾನಿಕ್ ಮುಂದೆ ಕಾರು ಸಾಧುವಿನಂತೆ ನಿಲ್ಲುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬರಬೇಕು, ಇಲ್ಲವೇ ಮನೆಯಲ್ಲೇ ಪರೀಕ್ಷೆ ಮಾಡಬೇಕು. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಬಾನೆಟ್ ತೆರೆದು ಕಡ್ಡಿಯನ್ನು ಜಾಗಕ್ಕೆ ಇಟ್ಟುಕೊಂಡೇ ನಿಂತಿರಲಿ. ಕೀ ತಿರುಗಿಸುವ ಮೊದಲೇ ಮೊಬೈಲ್ ರೆಕಾರ್ಡಿಂಗ್ ಆನ್ ಆಗಿರಲಿ.

ಇದು ಚೆನ್ನಾಗಿ ಕೆಲಸ ಮಾಡುವುದು ಟ್ಯಾಪೆಟ್ ಸದ್ದಿಗೆ, ಅಂದರೆ ಇಂಜಿನ್ನಿನ ತಲೆಯಲ್ಲಿ ವಾಲ್ವ್ ತೆರೆಸುವ ಭಾಗಗಳ ಸದ್ದಿಗೆ. ಟ್ಯಾಪೆಟ್ ಕವರಿನ ಬೋಲ್ಟ್ ತಲೆಗಳ ಮೇಲೆ ಒಂದೊಂದಾಗಿ, ಒಂದೇ ಒತ್ತಡದಲ್ಲಿ ಇಟ್ಟು ಹೋಲಿಸಿ. ಒಂದು ಕಡೆ ಟಕಟಕ ಎದ್ದು ಕೇಳಿದರೆ ಆ ಸಿಲಿಂಡರಿನ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್ ನೋಡಬೇಕು. ಮಾರುತಿ 800ರಂಥ ಸ್ಕ್ರೂ ಅಡ್ಜಸ್ಟ್‌ಮೆಂಟಿನ ಇಂಜಿನ್ನಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಹಾಕಿ ಸರಿಮಾಡಬಹುದು. ತಣ್ಣನೆಯ ಇಂಜಿನ್ನಿಗೆ ಅಳತೆ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ. ಒಳಗಿರುತ್ತದೆ; ಇನ್‌ಟೇಕ್, ಎಕ್ಸಾಸ್ಟ್ ಬೇರೆ ಬೇರೆ, ಮ್ಯಾನ್ಯುಯಲ್ ನೋಡದೆ ಕೈ ಹಾಕಬೇಡಿ. ಸದ್ದು ಅಡಗಲಿ ಎಂದು ಗ್ಯಾಪ್ ತೀರಾ ಬಿಗಿ ಮಾಡಿದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ಟೇ ವಾಸಿ.

ಅದೇ ಟಕಟಕ ಸದ್ದನ್ನು ಇಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಾಳಾದ ಪ್ಯಾಕಿಂಗ್ ಕೂಡ ಮಾಡುತ್ತದೆ. ತಣ್ಣಗಿದ್ದಾಗ ಸಂದಿನಿಂದ ಹೊಗೆ ಚಿಮ್ಮುತ್ತದೆ, ಕಬ್ಬಿಣ ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿ ಸದ್ದು ನಿಲ್ಲುತ್ತದೆ. ಇದನ್ನೇ ಟ್ಯಾಪೆಟ್ ಎಂದುಕೊಂಡು ಕವರ್ ಬಿಚ್ಚುವವರು ಬಹಳ. ಇಲ್ಲಿ ಈ ಉಪಕರಣದ ನಿಜವಾದ ಗುಟ್ಟಿದೆ: ಕಡ್ಡಿ ಕಳಚಿ, ಬರೀ ರಬ್ಬರ್ ಕೊಳವೆಯ ಬಾಯನ್ನು ಪ್ಯಾಕಿಂಗ್ ಅಂಚಿನುದ್ದಕ್ಕೂ ಮುಟ್ಟಿಸದೆ ಆಡಿಸಿ. ಲೀಕ್ ಇದ್ದ ಕಡೆ ಕಿವಿಗೆ ಬಡಿದ ಹಾಗೆ ಕೇಳುತ್ತದೆ. ಅಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಅನುಮಾನವೇ ಬೇಡ. ಈ ಒಂದು ಕೆಲಸಕ್ಕೇ ಕೊಟ್ಟ ದುಡ್ಡು ವಸೂಲಿ.

ಬ್ಲಾಕಿನ ಮೇಲ್ಭಾಗದಲ್ಲಿ ಕೇಳುವ ಮಂದವಾದ ಟೊಕ್ ಟೊಕ್, ಬಿಸಿಯಾದಂತೆ ಕರಗಿಹೋದರೆ ಅದು ಪಿಸ್ಟನ್ ಸ್ಲ್ಯಾಪ್. ಸವೆದ ಬೋರಿನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಪಿಸ್ಟನ್ ಓಲಾಡುತ್ತದೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಆಯಿಲ್ ಕುಡಿಯದಿದ್ದರೆ ಹಾಗೇ ವರ್ಷಗಟ್ಟಲೆ ಓಡಿಸಬಹುದು. ಬಿಸಿಯಾದಂತೆ ಹೆಚ್ಚಾಗುವ ಬಡಿತ ಬೇರೆ, ಅದು ಬೇರಿಂಗಿನದು. ಗಾಡಿ ಆಫ್ ಮಾಡಿ ಟೋ ಮಾಡಿಸಿ. ಪಿಸ್ಟನ್ ಸ್ಲ್ಯಾಪ್ ಯಾವ ಸಿಲಿಂಡರಿನದು ಎಂದು ತಿಳಿಯಲು ಎಂಪಿಎಫ್‌ಐ ಕಾರಿನಲ್ಲಿ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವ ಕಾರು) ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಸದ್ದು ಬದಲಾಗುತ್ತದೆಯೇ ನೋಡಬೇಕು. ಪ್ಲಗ್ ವೈರ್ ಕಿತ್ತರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದು ಹಾಳಾಗುತ್ತದೆ.

ಇನ್ನು ದಂಡ ಎಂದೆನಲ್ಲ, ಅದು ಟೈಮಿಂಗ್ ಚೈನಿಗೆ, ಅಂದರೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಒಳಗಿನ ಸರಪಳಿಗೆ. ಮಾರುತಿಯ ಸ್ವಿಫ್ಟ್ ಡೀಸೆಲ್ ಮತ್ತು ಕೆ-ಸೀರೀಸ್ ಇಂಜಿನ್ನಿನ ಪೆಟ್ರೋಲ್ ಕಾರುಗಳಲ್ಲಿ ಚೈನ್ ಇದೆ. ಚೈನ್ ಬಿಗಿ ಹಿಡಿಯುವ ಟೆನ್ಷನರಿಗೆ ಆಯಿಲ್ ಪ್ರೆಶರ್ ತಲುಪುವವರೆಗೆ ಒಂದೆರಡು ಸೆಕೆಂಡ್ ಕರಕರ ಎನ್ನುತ್ತದೆ, ಆಮೇಲೆ ನಿಶ್ಶಬ್ದ. ಕಡ್ಡಿ ಇಡುವಷ್ಟರಲ್ಲಿ ಮುಗಿದಿರುತ್ತದೆ. ಚೈನ್ ಕಿಟ್ ತರಿಸುವ ಮೊದಲು ಆಯಿಲ್ ಲೆವೆಲ್ ನೋಡಿ, ಬಿಗಿದು ಕೂರಿಸುವ ಡಬ್ಬಿ ಥರದ ಆಯಿಲ್ ಫಿಲ್ಟರ್ ಆದರೆ ಅದನ್ನೂ ನೋಡಿ. ಮಧ್ಯದ ದೊಡ್ಡ ತೂತಿನ ಸುತ್ತ ಸಣ್ಣ ತೂತುಗಳಿವೆಯಲ್ಲ, ಅವುಗಳ ಒಳಗೆ ರಬ್ಬರ್ ಪದರವಿರುತ್ತದೆ. ಯಾವುದಾದರೂ ಸಣ್ಣ ಕಡ್ಡಿಯಿಂದ ಒತ್ತಿದರೆ ಬಾಗಿ ತಕ್ಷಣ ವಾಪಸು ಬರಬೇಕು. ಒಣಗಿ ಗಟ್ಟಿಯಾಗಿದ್ದರೆ ರಾತ್ರಿ ಆಯಿಲ್ ಎಲ್ಲಾ ಕೆಳಗಿಳಿದಿರುತ್ತದೆ, ಬೆಳಗ್ಗೆ ಮೇಲೇರಲು ತಡ. ಸದ್ದು ಮೂರ್ನಾಲ್ಕು ಸೆಕೆಂಡ್ ದಾಟಿದರೆ, ಬಿಸಿ ಇಂಜಿನ್ನಿನಲ್ಲೂ ಬಂದರೆ, ಆಗ ಟೆನ್ಷನರ್ ಮತ್ತು ಚೈನಿನ ಮಾತು. 800ಕ್ಕೋ ಹಳೆಯ ಸ್ಯಾಂಟ್ರೋಗೋ ಯಾರಾದರೂ ಚೈನ್ ಸದ್ದು ಎಂದರೆ ಗಾಡಿ ವಾಪಸು ತನ್ನಿ, ಅವುಗಳಲ್ಲಿ ಇರುವುದು ಬೆಲ್ಟ್.

ಆಯಿಲಿನ ಬಗ್ಗೆ ಒಂದು ಮಾತು. ಡಬ್ಲ್ಯುಗೆ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂದು ಹೇಳುತ್ತದೆ, ಅಂಕಿ ಚಿಕ್ಕದಿದ್ದಷ್ಟೂ ತೆಳು. 20ಡಬ್ಲ್ಯು ಆಯಿಲಿಗೂ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 15 ಡಿಗ್ರಿಯಲ್ಲಿ. ಬೀದರಿನ, ಮಡಿಕೇರಿಯ ಚಳಿ ಅದಕ್ಕೆ ಲೆಕ್ಕವಿಲ್ಲ. ಆದರೂ ಕಂಪನಿ 5ಡಬ್ಲ್ಯು-30 ಹೇಳಿದ ಇಂಜಿನ್ನಿಗೆ "ಹಳೇ ಗಾಡಿ, ದಪ್ಪ ಇರಲಿ" ಎಂದು 20ಡಬ್ಲ್ಯು-50 ಸುರಿದರೆ ಬೆಳಗ್ಗೆ ಮೇಲೆ ತಲುಪುವುದು ನಿಧಾನವಾಗಿ, ಕರಕರವೂ ಅಷ್ಟೇ ಉದ್ದವಾಗುತ್ತದೆ.

ಕೀಂ ಎಂದು ಚೀರುವ ಬೆಲ್ಟಿಗೆ ಸ್ಟೆತಾಸ್ಕೋಪ್ ಬೇಡವೇ ಬೇಡ, ಸ್ಪ್ರೇ ಬಾಟಲಿ ನೀರು ಸಾಕು. ದೂರದಿಂದ ಬೆಲ್ಟಿನ ಒಳಮೈಗೆ ಸಿಂಪಡಿಸಿ. ಸದ್ದು ಹೆಚ್ಚಾದರೆ ಬೆಲ್ಟ್ ಸಡಿಲ, ಕೆಲಹೊತ್ತು ನಿಂತರೆ ಪುಲ್ಲಿಗಳು ನೇರವಿಲ್ಲ. ಚೀರಾಟ ಬಿಟ್ಟು ಗರಗರ ಎಂದರೆ ಬೇರಿಂಗ್. ಆಗ ಕಡ್ಡಿಯನ್ನು ಆಲ್ಟರ್ನೇಟರಿನ ಮೈ, ವಾಟರ್ ಪಂಪಿನ ಮೈ ಹೀಗೆ ತಿರುಗದ ಭಾಗಗಳ ಮೇಲಷ್ಟೇ ಇಡಿ. ತೋಳು ಮಡಚಿ, ಶಾಲು ತೆಗೆದಿಡಿ, ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಬಹುದು.

ಸೆಲ್ಫ್ ಸದ್ದಿಗೆ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು. ಕಟಕಟಕಟ ಎಂದರೆ ಬಹುತೇಕ ಬ್ಯಾಟರಿ ಅಥವಾ ಟರ್ಮಿನಲ್. ಒಂದೇ ಕಟ್ ಎಂದು ಸುಮ್ಮನಾದರೆ ಸಾಲಿನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್), ಕೇಬಲ್ ನೋಡಿ.

ಕೊಳ್ಳುವಾಗ ಕಡ್ಡಿ ತಿರುಚಿ ಬಿಚ್ಚಲು ಬರುತ್ತದೆಯೇ ಎಂದು ಕೇಳಿ. ಬಿಚ್ಚದ ಮಾಡೆಲ್ಲಿನಲ್ಲಿ ಲೀಕ್ ಹುಡುಕುವ ಉಪಾಯ ನಡೆಯುವುದಿಲ್ಲ. ಕಿವಿಯ ಬಿರಡೆ ಗಟ್ಟಿ ಪ್ಲಾಸ್ಟಿಕ್ ಆದರೆ ಹತ್ತು ನಿಮಿಷಕ್ಕೆ ನೋಯುತ್ತದೆ, ಮೆದು ರಬ್ಬರಿನದು ಆರಿಸಿ. ಟ್ಯಾಪೆಟ್ ಕೇಳುವುದಷ್ಟೇ ಬೇಕಿದ್ದರೆ ಮನೆಯಲ್ಲಿರುವ ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡರೂ ಮುಕ್ಕಾಲು ಪಾಲು ಕೇಳಿಸುತ್ತದೆ, ಅದಕ್ಕಾಗಿ ಇದನ್ನು ಕೊಳ್ಳಬೇಡಿ.