ಸ್ಪ್ರಿಂಗ್ ಬೂಟ್‌ನಲ್ಲಿ ಎಕ್ಸೆಪ್ಶನ್‌ಗೆ ಉತ್ತರ ಕೊಡುವ ಮೂರು ದಾರಿಗಳು: ಒಂದೇ ಸರ್ವಿಸ್‌ನಲ್ಲಿ ಬರೆದು ನೋಡಿದ್ದು

ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಬರೆದ, ಆರ್ಡರ್ ತೆಗೆದುಕೊಳ್ಳುವ ಸಣ್ಣ ಸರ್ವಿಸ್ ಅದು. ಸ್ಟಾಕ್ ಇಲ್ಲದಿದ್ದರೆ ಕೋಡ್ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ಮುಂದೆ ಹೋಗಲಾಗದು ಅಂತ ಸೂಚನೆ ಕೊಡುತ್ತದೆ. ಆಗ ಕ್ಲೈಂಟ್‌ಗೆ, ಅಂದರೆ ನಮ್ಮನ್ನು ಕರೆದ ಪ್ರೋಗ್ರಾಂಗೆ, ಏನು ಹೇಳಬೇಕು? ಇದೊಂದನ್ನೇ ಮೂರು ರೀತಿಯಲ್ಲಿ ಬರೆದು ನೋಡಿದೆ. ಮೊದಲು ಎಲ್ಲಕ್ಕೂ 500, ಅಂದರೆ ಸರ್ವರ್‌ನಲ್ಲೇ ತೊಂದರೆ ಅನ್ನುವ ಎಚ್‌ಟಿಟಿಪಿ ಸ್ಟೇಟಸ್, ಹೋಗುತ್ತಿತ್ತು. ಸರ್ವರ್ ಕೆಟ್ಟಿದೆ ಅಂದುಕೊಂಡು ಕ್ಲೈಂಟ್ ಅದೇ ರಿಕ್ವೆಸ್ಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಇಲ್ಲದ ಸ್ಟಾಕ್ ಎಷ್ಟು ಸಲ ಕೇಳಿದರೂ ಇಲ್ಲವೇ, ಅಲ್ವಾ? 409 (ಈಗಿನ ಸ್ಥಿತಿಗೆ ರಿಕ್ವೆಸ್ಟ್ ಹೊಂದುವುದಿಲ್ಲ) ಹೋಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು.

ಮೊದಲನೆಯದು, ಎಕ್ಸೆಪ್ಶನ್ ಕ್ಲಾಸ್‌ನ ತಲೆಯ ಮೇಲೆ ರೆಸ್ಪಾನ್ಸ್‌ಸ್ಟೇಟಸ್ ಅನೊಟೇಶನ್ (@ ಗುರುತಿನ ಟಿಪ್ಪಣಿ) ಹಾಕುವುದು. ಒಂದೇ ಸಾಲಿನ ಕೆಲಸ. ಆದರೆ ಉತ್ತರದ ಒಳಗೆ ಏನಿರಬೇಕು ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಬೂಟ್‌ನ ಮಾಮೂಲಿ ಎರರ್ ಜೇಸನ್ (JSON) ಹೋಗುತ್ತದೆ. ಬೂಟ್ 2.3ರಿಂದ ಅದರಲ್ಲಿ ನಮ್ಮ ಮೆಸೇಜ್ ಕೂಡ ತಾನಾಗಿ ಕಾಣುವುದಿಲ್ಲ, ಸೆಟ್ಟಿಂಗ್ ಬದಲಿಸಬೇಕು. ಇದು ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಹೋಗಿತ್ತು.

ಎರಡನೆಯದು ರೆಸ್ಪಾನ್ಸ್‌ಸ್ಟೇಟಸ್‌ಎಕ್ಸೆಪ್ಶನ್. ಬೂಟ್‌ನ ಕೆಳಗಿರುವ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ 5ನೇ ಆವೃತ್ತಿಯಲ್ಲಿ ಬಂದಿದ್ದು. ಹೊಸ ಕ್ಲಾಸ್ ಬೇಡ, ಸ್ಟೇಟಸ್ ಕೊಟ್ಟು ಥ್ರೋ ಮಾಡಿದರೆ ಆಯಿತು. ಎರಡು ದಿನದ ಪ್ರಯೋಗಕ್ಕೆ ಈಗಲೂ ಇದನ್ನೇ ಬಳಸುತ್ತೇನೆ. ಸರ್ವಿಸ್ ಬೆಳೆದಾಗ ಮಾತ್ರ ಕಷ್ಟ. ಅದೇ ಸ್ಟಾಕ್ ಸಮಸ್ಯೆಗೆ ಒಂದು ಕಡೆ 409, ಇನ್ನೊಂದು ಕಡೆ 400, ಮತ್ತೆಲ್ಲೋ 422 ಸೇರಿಕೊಂಡಿತ್ತು. ರಾತ್ರಿ ಓಡುವ ಜಾಬ್ ಕೂಡ ಅದೇ ಕೋಡನ್ನು ಕರೆಯುತ್ತಿತ್ತು. ಉತ್ತರ ಕಾಯುವ ಕ್ಲೈಂಟೇ ಇಲ್ಲದ ಅಂಥ ಕಡೆ ಎಚ್‌ಟಿಟಿಪಿ ಸ್ಟೇಟಸ್‌ಗೆ ಏನು ಕೆಲಸ?

ನಾನು ಉಳಿಸಿಕೊಂಡಿದ್ದು ಮೂರನೆಯದನ್ನು: ರೆಸ್ಟ್‌ಕಂಟ್ರೋಲರ್‌ಅಡ್ವೈಸ್, ಜೊತೆಗೆ ಪ್ರಾಬ್ಲೆಮ್‌ಡೀಟೇಲ್. ಅಡ್ವೈಸ್ ಅಂದರೆ ರಿಕ್ವೆಸ್ಟ್ ತೆಗೆದುಕೊಳ್ಳುವ ಕಂಟ್ರೋಲರ್‌ಗಳಿಂದ ಬರುವ ಎಕ್ಸೆಪ್ಶನ್‌ಗಳನ್ನು ಒಂದೇ ಕಡೆ ಹಿಡಿಯುವ ಕ್ಲಾಸ್, ಪ್ರಾಬ್ಲೆಮ್‌ಡೀಟೇಲ್ ಅಂದರೆ ತೊಂದರೆಯನ್ನು ವಿವರಿಸುವ ಉತ್ತರದ ಸಿದ್ಧ ರೂಪ. ಎಕ್ಸೆಪ್ಶನ್‌ನಲ್ಲಿ ಯಾವ ವಸ್ತು, ಎಷ್ಟು ಬೇಕಿತ್ತು, ಎಷ್ಟಿದೆ ಅನ್ನುವುದಷ್ಟೇ ಇರುತ್ತದೆ. ಅದನ್ನು 409 ಮಾಡುವ ಕೆಲಸ ಅಡ್ವೈಸ್‌ನದು. ಪ್ರಾಬ್ಲೆಮ್‌ಡೀಟೇಲ್ ಕ್ಲಾಸ್ ಸ್ಪ್ರಿಂಗ್ 6ರಲ್ಲಿ ಬಂತು. ಅದರ ರೂಪ 2016ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 7807ರದ್ದು, 2023ರಲ್ಲಿ ಅದರ ಜಾಗಕ್ಕೆ 9457 ಬಂದಿದೆ. ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟೆನ್ಸ್ ಅಂತ ಐದು ಫೀಲ್ಡ್. ನಮ್ಮದೂ ಸೇರಿಸಬಹುದು. ನನಗೆ ಜಾಸ್ತಿ ಇಷ್ಟವಾದದ್ದು ಟೈಪ್, ಅಂದರೆ ತೊಂದರೆ ಯಾವ ಬಗೆಯದು ಅನ್ನುವ ಗುರುತು. ಮೊದಲು ಒಂದು ಕ್ಲೈಂಟ್ ನಮ್ಮ ಮೆಸೇಜಿನ ಪದಗಳನ್ನೇ ಹುಡುಕಿ ತೀರ್ಮಾನ ಮಾಡುತ್ತಿತ್ತು. ನಾವು ವಾಕ್ಯ ತಿದ್ದಿದ ದಿನ ಅದು ಕೆಟ್ಟಿತು. ಈಗ ಟೈಪ್ ನೋಡುತ್ತದೆ, ಡೀಟೇಲ್ ಅನ್ನು ನಾವು ಹೇಗೆ ಬೇಕಾದರೂ ಬರೆಯಬಹುದು.

ಇದರಲ್ಲೂ ನಾನು ಎರಡು ಕಡೆ ಎಡವಿದೆ. ಎರಡು ಅಡ್ವೈಸ್ ಇದ್ದವು, ಒಂದರಲ್ಲಿ ಎಲ್ಲ ಎಕ್ಸೆಪ್ಶನ್ ಹಿಡಿಯುವ ಹ್ಯಾಂಡ್ಲರ್. ಸ್ಪ್ರಿಂಗ್ ಅಡ್ವೈಸ್‌ಗಳನ್ನು ಸಾಲಾಗಿ ನೋಡುತ್ತದೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಹಾಗಾಗಿ ಸ್ಟಾಕ್ ಎಕ್ಸೆಪ್ಶನ್ ಮತ್ತೆ 500 ಆಯಿತು. ನಿರ್ದಿಷ್ಟ ಅಡ್ವೈಸ್‌ಗೆ ಸರದಿ ಹೇಳುವ @Order ಅನೊಟೇಶನ್ ಹಾಕಿ ಮುಂದೆ ತಂದ ಮೇಲೆ ಸರಿಹೋಯಿತು.

ಎಡವಿದ ಎರಡನೆಯ ಜಾಗ ಫಿಲ್ಟರ್, ಅಂದರೆ ರಿಕ್ವೆಸ್ಟ್ ಕಂಟ್ರೋಲರ್‌ಗೆ ಹೋಗುವ ಮೊದಲೇ ಓಡುವ ಕೋಡ್. ಅಲ್ಲಿ ಎದ್ದ ಎಕ್ಸೆಪ್ಶನ್ ಅಡ್ವೈಸ್‌ವರೆಗೆ ಬರುವುದೇ ಇಲ್ಲ. ಲಾಗಿನ್ ಟೋಕನ್ ತಪ್ಪಾದಾಗ ಹೋಗುವ 401ಕ್ಕೆ (ನೀವು ಯಾರೆಂದು ಗೊತ್ತಾಗಲಿಲ್ಲ) ಬೇರೆಯದೇ ರೂಪ ಇರುತ್ತಿತ್ತು. ಆ 401 ಕಳಿಸುವ ಸ್ಪ್ರಿಂಗ್ ಸೆಕ್ಯುರಿಟಿಯ ಎಂಟ್ರಿಪಾಯಿಂಟ್‌ನಿಂದ, ಎಕ್ಸೆಪ್ಶನನ್ನು ಅದರ ಹ್ಯಾಂಡ್ಲರ್‌ಗೆ ಮುಟ್ಟಿಸುವ ಹ್ಯಾಂಡ್ಲರ್‌ಎಕ್ಸೆಪ್ಶನ್‌ರಿಸಾಲ್ವರ್ ಕರೆದು ಅದನ್ನೂ ಅಡ್ವೈಸ್‌ಗೇ ದಾಟಿಸಿದೆ. ಈಗ 401 ಕೂಡ ಅದೇ ಐದು ಫೀಲ್ಡ್‌ಗಳಲ್ಲಿ ಹೋಗುತ್ತಿದೆ.